ಕೆಂಪಮ್ಮ ಕುರ್ಚಿಯ ಮೇಲೆ ಕೂತದ್ದು

ಗೋಡೆ ಕೆರೆದು ಕೆರೆದು ಶಿವರಾಮುವಿನ ಬಲಗೈ ರಟ್ಟೆ ಸತ್ತುಹೋಗಿತ್ತು. ಊಟಕ್ಕೆ ಕೂತರೆ ತುತ್ತು ಬಾಯಿಗೆ ಬರುವ ಮೊದಲೇ ಕೈ ನಡುಗುತ್ತಿತ್ತು. ಮೂಗಿನಲ್ಲಿ ಧೂಳು, ಕಣ್ಣಿನಲ್ಲಿ ಧೂಳು, ಕೆಮ್ಮಿದರೆ ಕಫದಲ್ಲೂ ಹಳೇ ಬಣ್ಣದ ಚಕ್ಕೆ. ನಲವತ್ತೇಳರ ಮೈ. ಡೆಟ್ರಾಯ್ಟಿನ ಪಶ್ಚಿಮಕ್ಕಿದ್ದ ಆ ಹಳೇ ಸಭಾಭವನದ ಗೋಡೆ ಇವನಿಗಿಂತ ಗಟ್ಟಿಯಾಗಿತ್ತು.

ಗೋಡೆ ಕೆರೆಯೋಕೆ ಅಂತ ಅವನು ಅಮೆರಿಕಕ್ಕೆ ಬಂದವನಲ್ಲ. ಮಳವಳ್ಳಿ ಕಡೆಯ ಹಳ್ಳಿಯಲ್ಲಿ ಸರ್ಕಾರಿ ಶಾಲೆ, ಆಮೇಲೆ ಐಟಿಐ, ಆಮೇಲೆ ಮೈಸೂರಿನ ಕಾರ್ಖಾನೆ. ಉಕ್ಕಿನ ಅಚ್ಚು ಕೊರೆಯುವುದರಲ್ಲಿ ಕೈ ಪಳಗಿದೆ ಅಂತ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದು ಮಿಷಿಗನ್ನಿಗೆ ಕರೆಸಿಕೊಂಡಿತ್ತು. 2008ರ ಚಳಿಗಾಲದಲ್ಲಿ ಒಂದು ಶುಕ್ರವಾರ ಅದರ ಗೇಟಿಗೆ ಸರಪಳಿ ಬಿತ್ತು. ಗ್ರೀನ್ ಕಾರ್ಡಿನ ಅರ್ಜಿ ಅರ್ಧ ದಾರಿಯಲ್ಲಿ ನಿಂತಿತು. ಅದೇ ಥರದ ಕೆಲಸ ಬೇರೆ ಕಡೆ ಸಿಕ್ಕಿದರೆ ಅರ್ಜಿ ಮುಂದೆ ಹೋಗುತ್ತದೆ. ಸಿಗದಿದ್ದರೆ ಹೆಂಡತಿ ರೇಣು, ಹೈಸ್ಕೂಲಿನಲ್ಲಿರುವ ಮಗಳು ಮಾನ್ಯಾ, ಇಬ್ಬರನ್ನೂ ಕರಕೊಂಡು ವಾಪಸ್. ಆ ವರ್ಷ ಡೆಟ್ರಾಯ್ಟಿನಲ್ಲಿ ಅಚ್ಚು ಕೊರೆಯುವವರನ್ನು ನಾಯಿಯೂ ಮೂಸುತ್ತಿರಲಿಲ್ಲ.

ಮನೆಯಲ್ಲಿ ಸುಮ್ಮನೆ ಕೂತರೆ ಗೋಡೆಗೆ ತಲೆ ಚಚ್ಚಿಕೊಳ್ಳುವ ಗಿರಾಕಿ ಅವನು. ಅದಕ್ಕೇ ಈ ಗೋಡೆ ಹಿಡಿದ.

ಗೋಡೆ ವರ್ನೀಸ್ ಎಂಬ ಕರಿಯ ಹೆಂಗಸಿನದು. ಅರವತ್ತು ದಾಟಿದ್ದಳು. ಮೊಣಕಾಲು ಹೋಗಿತ್ತು. ಆಯಮ್ಮ ಚಿತ್ರಕಲೆ ಕಲಿಸುತ್ತಿದ್ದ ಶಾಲೆ ಮುಚ್ಚಿತ್ತು. ಓಣಿಯಲ್ಲಿ ಅರ್ಧ ಮನೆಗಳು ಬ್ಯಾಂಕಿನ ಪಾಲಾಗಿ, ಕಿಟಕಿಗೆ ಹಲಗೆ ಹೊಡೆದುಕೊಂಡು ನಿಂತಿದ್ದವು. ಓಣಿಯವರೆಲ್ಲ ಸೇರಿ ಸಭಾಭವನವನ್ನು ಆಯಮ್ಮನ ಕೈಗೆ ಬಿಟ್ಟಿದ್ದರು. ಅದರ ಉದ್ದನೆಯ ಗೋಡೆಯ ಮೇಲೆ ಆಯಮ್ಮ ಅದೇ ಓಣಿಯನ್ನು ಬರೆಯುತ್ತಿದ್ದಳು. ಈಗಿನ ಓಣಿಯಲ್ಲ. ನೂರು ವರ್ಷ ಮುಂದಿನದು.

ಮೊದಲ ದಿನ ನೋಡಿದಾಗ ಶಿವರಾಮುವಿಗೆ ತಮಾಷೆ ಅನ್ನಿಸಿತ್ತು. ಸುಟ್ಟ ಮನೆಗಳಿದ್ದ ಜಾಗದಲ್ಲೆಲ್ಲ ಸೇಬಿನ ತೋಪು. ಚಾವಣಿಗಳ ಮೇಲೆ ಹುಡುಗಿಯರು ಕೂತು ಓದುತ್ತಿದ್ದಾರೆ, ಅವರ ಗುಂಗುರು ಕೂದಲಿನ ತುಂಬ ನಕ್ಷತ್ರ. ಇವನು ದುಡಿದ ಕಾರ್ಖಾನೆಯ ಚಿಮಣಿಯೂ ಇತ್ತು. ಆಯಮ್ಮ ಅದರ ಮೈಗೆಲ್ಲ ತೂತು ಕೊರೆದು ಕೊಳಲು ಮಾಡಿದ್ದಳು.

"ಇದೆಲ್ಲ ಆಗುತ್ತಾ ಮಿಸ್ ವರ್ನೀಸ್?" ಅಂತ ಕೇಳಿದ್ದ.

"ನಮ್ಮ ಹಿಂದಿನದನ್ನ ಬರೆಯೋಕೆ ಬೇಕಾದಷ್ಟು ಜನ ಇದಾರೆ ರಾಮ್," ಅಂದಿದ್ದಳು. "ನಮ್ಮನ್ನ ಮಾರಿದ್ದು, ಹೊಡೆದದ್ದು, ಮರಕ್ಕೆ ನೇತುಹಾಕಿದ್ದು. ಎಲ್ಲ ನಿಜ. ಆದ್ರೆ ಮುಂದೆ ನಾವು ಇರ್ತೀವಿ ಅಂತ ಯಾರೂ ಬರೆಯಲ್ಲ. ಇರ್ತೀವಿ ಅಂತ ಅವರು ನಂಬಿಲ್ಲ. ನೀನು ಕೆರಿ. ಆ ಮೂಲೆ ಇನ್ನೂ ಬಾಕಿ ಇದೆ."

ಕೆಲಸ ಮಾಡಿಸುವುದರಲ್ಲಿ ಆಯಮ್ಮ ಕಟುಕಳು. ಇವನು ಕೆರೆದು, ತಿಕ್ಕಿ, ಬಿಳಿ ಬಣ್ಣ ಹಚ್ಚಿ ಹದ ಮಾಡಿದ ಜಾಗದಲ್ಲಿ ಆಯಮ್ಮ ಏಣಿ ಹತ್ತಿ ಬರೆಯುತ್ತಿದ್ದಳು. ಹತ್ತುವಾಗ ಒಂದೊಂದು ಮೆಟ್ಟಿಲಿಗೂ ದೇವರನ್ನು ಬೈಯುತ್ತಿದ್ದಳು. ಓಣಿಯವರ ಮುಖಗಳನ್ನೇ ಬರೆಯುತ್ತಿದ್ದಳು. ಕ್ಷೌರದವನು, ಬಸ್ಸಿನ ಡ್ರೈವರು, ಜೈಲಿನಲ್ಲಿದ್ದ ಯಾರದೋ ಮಗ.

ಒಂದು ದಿನ ಸೂಪು ಕುಡಿಯುತ್ತಾ ಕೂತಾಗ ಕೇಳಿದಳು. "ನಿಮ್ಮೋರು ಎಲ್ಲಿರ್ತಾರೆ? ನೂರು ವರ್ಷ ಆದಮೇಲೆ?"

ಶಿವರಾಮು ಆಯಮ್ಮನಿಗೆ ತನ್ನ ಕೇರಿಯ ಕಥೆ ಪೂರ್ತಿ ಹೇಳಿರಲಿಲ್ಲ. ಊರಿನಿಂದ ಹೊರಗಿದ್ದ ಕೇರಿ, ಅವ್ವ ಕೆಂಪಮ್ಮ ಗೌಡರ ಕೊಟ್ಟಿಗೆಯ ಸಗಣಿ ಬಾಚುತ್ತಿದ್ದದ್ದು, ಇಷ್ಟನ್ನೇ ಹೇಳಿದ್ದ. ಈಗಲೂ ಅದನ್ನೇ ಹೇಳಲು ಬಾಯಿ ತೆರೆದ.

"ಅದು ಗೊತ್ತು," ಅಂದಳು ವರ್ನೀಸ್. "ಆಕೆ ಏನು ಮಾಡಿದ್ಲು ಅಂತ ಕೇಳಲಿಲ್ಲ. ನೂರು ವರ್ಷ ಆದಮೇಲೆ ಏನು ಮಾಡ್ತಾ ಇರ್ತಾಳೆ?"

ಶಿವರಾಮು ಸೂಪಿನ ಬಟ್ಟಲು ಕೆಳಗಿಟ್ಟ. ಹುಡುಗನಾಗಿದ್ದಾಗ ತಮಟೆ ಹೊಡೆದುಕೊಂಡು ಹೋರಾಟದ ಹಾಡು ಹಾಡಿದವನು. ಆ ಹಾಡುಗಳಲ್ಲಿ ಹೊಡೆತ ಇತ್ತು, ಬೆಂಕಿ ಇತ್ತು, ಕೆರೆಯ ನೀರಿನ ಜಗಳ ಇತ್ತು. ಗೆದ್ದ ಮಾರನೆಯ ದಿನ ಅವ್ವ ಎದ್ದು ಏನು ಮಾಡುತ್ತಾಳೆ ಅನ್ನುವುದು ಯಾವ ಹಾಡಿನಲ್ಲೂ ಇರಲಿಲ್ಲ. ಗೋಡೆ ಕೆರೆಯುವಾಗ, ಬಟ್ಟೆ ಒಗೆಯುವಾಗ ಅದನ್ನೇ ಯೋಚಿಸಿದ. ಒಂದು ವಾರ ಕಳೆದ ಮೇಲೆ ಹೇಳಿದ.

"ಕೂತಿರ್ತಾಳೆ."

"ಕೂತು?"

"ಏನಿಲ್ಲ. ಕೂತಿರ್ತಾಳೆ. ಕುರ್ಚಿ ಮೇಲೆ."

ವರ್ನೀಸ್ ಕುಂಚ ತಗೊಂಡಳು. ಆಮೇಲೆ ಏಣಿ ಹತ್ತಿದಳು. ಅವನು ಹೇಳಿದ ಹಾಗೆ ಬರೆಯುತ್ತಾ ಹೋದಳು. ಗೌಡನ ಬೀದಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವಳು, ಯಾರ ಜಗಲಿಯ ಮೇಲೂ ಕುಂಡಿ ಊರದವಳು, ಸೇಬಿನ ತೋಪಿನ ಪಕ್ಕ ಕುರ್ಚಿ ಹಾಕಿಕೊಂಡು, ಕಾಲ ಮೇಲೆ ಕಾಲು ಹಾಕಿಕೊಂಡು, ಬಾಯಿ ತುಂಬ ಎಲೆಅಡಿಕೆ ತುಂಬಿಕೊಂಡು ಕೂತಳು. ಶಿವರಾಮು ಅವತ್ತು ಬೇಗ ಮನೆಗೆ ಹೋದ. ರೇಣುವಿಗೂ ಹೇಳಲಿಲ್ಲ.

ಫೆಬ್ರವರಿಯಲ್ಲಿ ಸತ್ಯನಾರಾಯಣ ಫೋನ್ ಮಾಡಿದ. ಅವನು ಕನ್ನಡ ಸಂಘದ ಅಧ್ಯಕ್ಷ, ಫಾರ್ಮಿಂಗ್ಟನ್ ಹಿಲ್ಸಿನ ದೊಡ್ಡ ಮನೆಯವನು, ಅಚ್ಚಿನ ಕಂಪನಿಯೊಂದರಲ್ಲಿ ಮ್ಯಾನೇಜರು. "ಶಿವರಾಮು, ನಿಮ್ಮ ರೆಸ್ಯೂಮೆ ನೋಡಿದೆ. ನಮ್ಮಲ್ಲಿ ಒಂದು ಪೊಸಿಷನ್ ಓಪನ್ ಆಗ್ತಾ ಇದೆ. ಯುಗಾದಿ ಮುಗಿದ ಸೋಮವಾರ ಬನ್ನಿ, ಪೇಪರ್ಸ್ ಫೈಲ್ ಮಾಡೋಣ. ಅಂದಹಾಗೆ ಈ ಸಲ ಬ್ಯಾಂಕ್ವೆಟ್ ಹಾಲ್ ನಮ್ಮ ಕೈಗೆ ಎಟುಕ್ತಿಲ್ಲ. ಸ್ಪಾನ್ಸರ್ಸ್ ಎಲ್ಲ ಕೈ ಎತ್ತಿದಾರೆ. ನಿಮಗೆ ಯಾವುದಾದ್ರೂ ಚೀಪ್ ಆದ ಜಾಗ ಗೊತ್ತಾ?"

ಶಿವರಾಮುವಿಗೆ ಗೊತ್ತಿತ್ತು. ಭವನದ ಹೀಟರು ಓಡಲು ಬಾಡಿಗೆಯವರು ಬೇಕಾಗಿದ್ದರು. ವರ್ನೀಸ್ ಕೇಳಿದ್ದು ಒಂದೇ. "ಯಾಕೆ ಸೇರ್ತಾರೆ ಇವರು?"

"ಹೊಸ ವರ್ಷ. ಪಂಚಾಂಗ ಓದ್ತಾರೆ. ಮುಂದಿನ ವರ್ಷ ಮಳೆ ಹೆಂಗೆ, ಬೆಳೆ ಹೆಂಗೆ, ಯಾರಿಗೆ ಸುಖ, ಯಾರಿಗೆ ದುಃಖ. ಎಲ್ಲಾರೂ ಕೂತು ಕೇಳ್ತಾರೆ."

ಆಯಮ್ಮನ ಮುಖ ಅರಳಿತು. "ಊರಿಗೆ ಊರೇ ಕೂತು ಮುಂದಿನದನ್ನ ಕೇಳುತ್ತಾ? ಕೊಡು ಅವರಿಗೆ ಭವನ. ಅವರದು ಓದಿ ಮುಗಿದಮೇಲೆ ನಾನೂ ನನ್ನದನ್ನ ಓದ್ತೀನಿ."

ಎಲ್ಲರೂ ಕೇಳ್ತಾರೆ ಅಂದದ್ದು ಸುಳ್ಳು. ಅವನ ಕೇರಿಯವರಿಗೆ ಗುಡಿಯ ಹತ್ತಿರ ಬಂದು ಪಂಚಾಂಗ ಕೇಳುವ ಹಾಗಿರಲಿಲ್ಲ. ಆದರೆ ಅದನ್ನು ಆಯಮ್ಮನಿಗೆ ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗಿತ್ತು. ಹತ್ತು ವರ್ಷದಿಂದ ಅವನು ಅದನ್ನು ಇಲ್ಲಿ ಯಾರಿಗೂ ಹೇಳಿರಲಿಲ್ಲ. ನಿಮ್ಮ ಮನೆದೇವರು ಯಾವುದು, ನೀವು ವೆಜ್ಜಾ, ಮೈಸೂರಲ್ಲಿ ಯಾವ ಕಡೆ ಅಂತ ಸಂಘದವರು ಸುತ್ತಿ ಬಳಸಿ ಕೇಳಿದಾಗಲೆಲ್ಲ ಮಾತು ತಿರುಗಿಸಿದ್ದ. ಮಗಳಿಗೂ ಹೇಳಿರಲಿಲ್ಲ.

"ನಿಮ್ಮ ಸಿಟ್ಟು ನನಗೆ ಗೊತ್ತು," ಅಂದಿದ್ದಳು ರೇಣು, ಯುಗಾದಿ ಕಾರ್ಯಕ್ರಮದ ಶನಿವಾರ ಬೆಳಿಗ್ಗೆ ಭವನಕ್ಕೆ ಹೊರಡುವಾಗ. "ಇವತ್ತೊಂದಿನ ಬಾಯಿಗೆ ಬೀಗ ಹಾಕ್ಕೊಳ್ರೀ. ಸೋಮವಾರ ಕಳೀಲಿ. ಆಮೇಲೆ ಯಾರನ್ನ ಬೇಕಾದ್ರೂ ಬೈಕೊಳ್ಳಿ."

ಬೀಗ ಹಾಕಿಕೊಂಡ. ಬೆಳಿಗ್ಗೆಯಿಂದ ಕುರ್ಚಿ ಹೊತ್ತ, ಮೇಜು ಹೊತ್ತ. ಕಾರುಗಳಿಂದ ಬಿಸಿಬೇಳೆಬಾತಿನ ಪಾತ್ರೆ, ಒಬ್ಬಟ್ಟಿನ ಟ್ರೇ, ಬೇವುಬೆಲ್ಲದ ಡಬ್ಬ ಎಲ್ಲ ಅಡುಗೆಮನೆಗೆ ಸಾಗಿಸಿದ. ಬೇರೆ ಗಂಡಸರು ಕಾಫಿ ಲೋಟ ಹಿಡಿದು ಲೇಆಫಿನ ಮಾತಾಡುತ್ತಾ ನಿಂತಿದ್ದರು. "ಶಿವರಾಮು ಇದ್ರೆ ನಮಗೆ ಆನೆ ಬಲ," ಅಂದ ಸತ್ಯನಾರಾಯಣ. ಬೆನ್ನು ತಟ್ಟಿದ. ಶಿವರಾಮುವಿನ ಅಂಗಿ ಬೆವರಿಗೆ ಒದ್ದೆಯಾಗಿತ್ತು. ತಟ್ಟಿದ ಕೈ ಒರೆಸಿಕೊಂಡ.

ಸತ್ಯನಾರಾಯಣನ ಹೆಂಡತಿ ವಸುಧಾ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಕಾಲಿಟ್ಟಿರಲಿಲ್ಲ. "ಏನೇನು ಬೇಯಿಸಿದಾರೋ ಇಲ್ಲಿ. ಹಂದಿ, ಗಿಂದಿ. ಯಾರ್ಯಾರು ಓಡಾಡಿದಾರೋ. ಹಯವದನ ಅವರೇ, ಮೊದಲು ಶುದ್ಧಿ ಮಾಡಿಬಿಡಿ. ಆಮೇಲೆ ಪಾತ್ರೆ ತೆಗೀತೀವಿ."

ಹಯವದನ ಶಿಕಾಗೊ ಪಕ್ಕದ ವುಡ್‌ರಿಡ್ಜಿನಿಂದ ರಾತ್ರಿಯೇ ಡ್ರೈವ್ ಮಾಡಿಕೊಂಡು ಬಂದಿದ್ದ. ಸಾಫ್ಟ್‌ವೇರಿನವನು. ಅವನಿಗೂ ಕೆಲಸ ಹೋಗಿತ್ತು. ಆಮೇಲೆ ಪೌರೋಹಿತ್ಯ ಹಿಡಿದಿದ್ದ. ಜೀನ್ಸ್ ಪ್ಯಾಂಟಿನ ಮೇಲೆಯೇ ಪಂಚೆ ಸುತ್ತಿಕೊಂಡ. ತಾಮ್ರದ ಚೊಂಬಿಗೆ ನೀರು, ಅರಿಸಿನ ಹಾಕಿದ. ಬ್ಯಾಗಿನಿಂದ ಚಿಕ್ಕ ಪ್ಲಾಸ್ಟಿಕ್ ಬಾಟಲಿ ತೆಗೆದು ಅದರಲ್ಲಿದ್ದ ಗೋಮೂತ್ರವನ್ನೂ ಹನಿಸಿದ. ಮಾವಿನೆಲೆ ಅದ್ದಿ ಒಲೆಗೆ, ಸಿಂಕಿಗೆ, ಕುರ್ಚಿಗಳಿಗೆ ಚಿಮುಕಿಸುತ್ತಾ ಬಂದ. ಬಾಯಲ್ಲಿ ಮಂತ್ರ.

ಶಿವರಾಮು ಆ ವಾಸನೆಯನ್ನು ಗುರುತು ಹಿಡಿದ. ಮುಂದಿನ ಕುರ್ಚಿ ಬಿಚ್ಚಿಟ್ಟ.

"ಗೋಡೆಗೂ ಹಾಕಿ," ಅಂದ ಸತ್ಯನಾರಾಯಣ. "ನೋಡಿ, ಎಂಥೆಂಥ ಭೂತಗಳನ್ನ ಬರೆದಿದಾರೆ! ಇದ್ಯಾರಪ್ಪ, ಸೀರೆ ಉಟ್ಕೊಂಡು ಕಾಲ ಮೇಲೆ ಕಾಲು ಹಾಕ್ಕೊಂಡು? ನಮ್ಮೂರ ಕಸಗುಡಿಸೋಳ ಥರ ಇದಾಳೆ."

ಗಂಡಸರು ನಕ್ಕರು. ಹಯವದನ ಎಲೆ ಝಾಡಿಸಿದ. ಅರಿಸಿನದ ನೀರು ಕೆಂಪಮ್ಮನ ಮುಖದ ಮೇಲೆ ಬಿದ್ದು ಕೆಳಗೆ ಇಳಿಯಿತು. ಶಿವರಾಮು ನೆಲ ನೋಡಿದ. ಸೋಮವಾರ, ಸೋಮವಾರ ಅಂತ ಒಳಗೊಳಗೇ ಹೇಳಿಕೊಂಡ. ದೂರದಲ್ಲಿ ಮಾನ್ಯಾಳ ನೃತ್ಯದ ಜಡೆಗೆ ಹೂ ಮುಡಿಸುತ್ತಿದ್ದ ರೇಣು ಅವನನ್ನೇ ನೋಡುತ್ತಿದ್ದಳು.

ಆಗ ವರ್ನೀಸ್ ಒಳಗೆ ಬಂದಳು. ನೇರಳೆ ಬಣ್ಣದ ಟೋಪಿ, ಹಬ್ಬದ ಕೋಟು. ಕೈಯಲ್ಲಿ ಕವಿತೆಯ ಹಾಳೆ. ನೀರು ಚಿಮುಕಿಸುವುದನ್ನು ನೋಡಿ ನಿಂತಳು.

"ನನ್ನ ಗೋಡೆಗೆ ಹಾಕ್ತಿದಾರಾ? ಇದೇನು?"

"ಬ್ಲೆಸ್ಸಿಂಗ್ ಮೇಡಂ, ಬ್ಲೆಸ್ಸಿಂಗ್," ಅಂದ ಸತ್ಯನಾರಾಯಣ. ಹಲ್ಲೆಲ್ಲ ತೋರಿಸಿದ. "ಹೋಲಿ ವಾಟರ್. ಹೊಸ ವರ್ಷದ್ದು."

ಆಯಮ್ಮನ ಕಣ್ಣು ತುಂಬಿತು. ಇಷ್ಟು ವರ್ಷ ಗೋಡೆ ಬರೆದಿದ್ದಳು. ಹೊರಗಿನವರು ಬಂದು ಅದನ್ನು ಹರಸಿದ್ದು ಇದೇ ಮೊದಲು. ಟೋಪಿ ತೆಗೆದಳು. ನೋವಿನ ಮೊಣಕಾಲನ್ನೇ ಬಗ್ಗಿಸಿ ತಲೆ ಒಡ್ಡಿದಳು. "ನನಗೂ ಹಾಕಿ."

ಹಯವದನ ಸತ್ಯನಾರಾಯಣನ ಮುಖ ನೋಡಿದ. ಒಂದು ಹೆಜ್ಜೆ ಹಿಂದೆ ಸರಿದ. ಚೊಂಬು ತಾಗದ ಹಾಗೆ ದೂರದಿಂದ ಎಲೆ ಝಾಡಿಸಿದ. ಹಿಂದೆ ಯಾರೋ ಹೆಂಗಸರು ಕಿಸಕ್ಕೆಂದರು.

ವರ್ನೀಸ್ ತಲೆ ಎತ್ತಿದಳು. ಕೆನ್ನೆಯ ಮೇಲೆ ಹಳದಿ ಹನಿ. "ರಾಮ್, ಈ ನೀರಿಗೆ ನಿಮ್ಮಲ್ಲಿ ಏನಂತಾರೆ? ಇದನ್ನೂ ಬರೀತೀನಿ. ನೂರು ವರ್ಷ ಆದಮೇಲೂ ನಿಮ್ಮ ಜನ ನಮ್ಮ ಓಣಿಗೆ ಬಂದು ಈ ನೀರು ಹಾಕ್ತಾ ಇರ್ತಾರೆ. ನಿನ್ನ ತಾಯಿ ಪಕ್ಕದಲ್ಲೇ ಬರೀತೀನಿ."

"ಹೇಳ್ರೀ ಶಿವರಾಮು," ಅಂದ ಸತ್ಯನಾರಾಯಣ ಕನ್ನಡದಲ್ಲಿ. "ಆಶೀರ್ವಾದ ಅಂತ ಹೇಳಿ ಮುಗಿಸಿ. ಲೇಟಾಗ್ತಿದೆ."

ನೂರು ವರ್ಷ ಆದಮೇಲೂ. ಆ ಮಾತು ಅವನ ಎದೆಗೆ ಒದ್ದಂತಾಯಿತು. ಆ ಗೋಡೆಯಲ್ಲಿ ಬೀಗ ಇರಲಿಲ್ಲ, ಪೊಲೀಸ್ ಇರಲಿಲ್ಲ, ಗೌಡ ಇರಲಿಲ್ಲ. ಈಗ ಈ ಚೊಂಬು ಅಲ್ಲಿಗೂ ಹೋಗುತ್ತದೆ. ಅವ್ವನ ಪಕ್ಕದಲ್ಲೇ ಹೋಗಿ ನಿಲ್ಲುತ್ತದೆ.

"ಮಿಸ್ ವರ್ನೀಸ್, ಬರೀಬೇಡಿ," ಅಂದ. "ಅದು ಆಶೀರ್ವಾದ ಅಲ್ಲ."

"ಶಿವರಾಮು!"

"ಅದು ತೊಳೆಯೋ ನೀರು. ನೀವು ಓಡಾಡಿದ ಜಾಗಾನ ತೊಳೀತಿದಾರೆ. ನೀವು ಮುಟ್ಟಿದ್ದನ್ನ ತೊಳೀತಿದಾರೆ. ಅದರಲ್ಲಿ ಹಸುವಿನ ಉಚ್ಚೆ ಇದೆ."

ಹಯವದನ ಚೊಂಬನ್ನು ಮೇಜಿನ ಮೇಲಿಟ್ಟ.

"ಏನ್ರೀ ಮಾತಾಡ್ತಾ ಇದೀರಿ? ತಲೆ ಕೆಟ್ಟಿದೆಯಾ?" ಸತ್ಯನಾರಾಯಣ ವರ್ನೀಸಳ ಕಡೆ ತಿರುಗಿದ. "ಮಿಸ್‌ಅಂಡರ್‌ಸ್ಟ್ಯಾಂಡಿಂಗ್ ಮೇಡಂ. ಇವರಿಗೆ ಶಾಸ್ತ್ರ ಗೊತ್ತಿಲ್ಲ."

"ನನಗೆ ಗೊತ್ತಿಲ್ವಾ?" ಶಿವರಾಮುವಿನ ದನಿ ಏರಿತು. ಇಂಗ್ಲಿಷು ಬಿಟ್ಟುಹೋಯಿತು. "ಎಂಟು ವರ್ಷದೋನು ನಾನು. ಯುಗಾದಿ ದಿನ ಪಂಚಾಂಗ ಕೇಳಬೇಕು ಅಂತ ಗುಡಿ ಜಗಲಿ ಹತ್ತಿದ್ದೆ. ಕತ್ತು ಹಿಡಿದು ಕೆಳಗೆ ತಳ್ಳಿದ್ರು. ಹಲ್ಲು ಮುರೀತು. ಆಮೇಲೆ ನಾನು ನಿಂತಿದ್ದ ಕಲ್ಲಿಗೆ ಇದೇ ನೀರು ಹಾಕಿದ್ರು. ನನ್ನೆದುರಿಗೇ ಹಾಕಿದ್ರು. ನಿಮಗೆ ಶಾಸ್ತ್ರ ಬಾಯಲ್ಲಿದೆ ಸ್ವಾಮಿ. ನನಗೆ ಮೈಮೇಲಿದೆ."

ಸತ್ಯನಾರಾಯಣ ಅವನನ್ನು ಮೇಲಿಂದ ಕೆಳಗೆ ನೋಡಿದ. ಈಗಷ್ಟೇ ನೋಡುತ್ತಿರುವ ಹಾಗೆ.

"ಓ," ಅಂದ. "ನೀವು ಅವರಾ."

ವಸುಧಾಳ ಕಣ್ಣು ಅಡುಗೆಮನೆಯ ಒಳಗೆ ಹೋಯಿತು. ಬೆಳಿಗ್ಗೆಯಿಂದ ಶಿವರಾಮು ಹೊತ್ತು ತಂದು ಜೋಡಿಸಿದ್ದ ಪಾತ್ರೆಗಳ ಮೇಲೆ ನಿಂತಿತು.

ವರ್ನೀಸ್ ಕೆನ್ನೆಯನ್ನು ಮುಂಗೈಯಿಂದ ಒರೆಸಿದಳು. ಮೂಸಿದಳು. ಕೂಗಲಿಲ್ಲ. ಹತ್ತಿರದ ಕುರ್ಚಿ ಎಳೆದುಕೊಂಡು ಕೂತಳು. ಬಹಳ ದೂರ ನಡೆದು ಬಂದವಳ ಹಾಗೆ ಕೂತಳು.

"ನನ್ನ ಅಜ್ಜಿ ಬಿಳಿಯರ ಮನೇಲಿ ದುಡೀತಿದ್ಲು," ಅಂದಳು. "ಅವಳು ಬಾಯಿಟ್ಟ ಲೋಟಾನ ಅವರು ಒಡೆದುಹಾಕ್ತಿದ್ರು. ಆದ್ರೆ ಒಡೆದು ಬ್ಲೆಸ್ಸಿಂಗ್ ಅಂತ ಹೇಳ್ತಿರಲಿಲ್ಲ." ಆಮೇಲೆ ಸತ್ಯನಾರಾಯಣನಿಗೆ ಹೇಳಿದಳು. "ನಾನು ಹೊರಗೆ ಹೋಗಲ್ಲ. ಇಲ್ಲೇ ಮುಂದೆ ಕೂರ್ತೀನಿ. ಓದಿ ನಿಮ್ಮ ವರ್ಷಾನ. ಅದರಲ್ಲಿ ನನಗೇನಿದೆ ಕೇಳೋಣ."

ಯಾರೂ ಓದಲಿಲ್ಲ. ಹಯವದನ ಪಂಚಾಂಗವನ್ನು ಬ್ಯಾಗಿಗೆ ಸೇರಿಸಿದ. ಕಮಿಟಿಯವರು ಮೂಲೆಯಲ್ಲಿ ಸೇರಿ ಪಿಸುಗುಟ್ಟಿದರು. ಆಮೇಲೆ ಪಾತ್ರೆಗಳು ಒಂದೊಂದಾಗಿ ಕಾರುಗಳಿಗೆ ವಾಪಸ್ ಹೊರಟವು. ಬಿಸಿಬೇಳೆಬಾತು ಹೋಯಿತು. ಮುಚ್ಚಳವಿಲ್ಲದ ಟ್ರೇಯ ಒಬ್ಬಟ್ಟು ಮಾತ್ರ ಉಳಿಯಿತು. ಶಿವರಾಮು ಹೊತ್ತು ತಂದದ್ದು ಅಂತ ಅದನ್ನು ಯಾರೂ ಮುಟ್ಟಲಿಲ್ಲ.

ಪಾತ್ರೆಯ ಸದ್ದಿನ ನಡುವೆ ವರ್ನೀಸ್ ತನ್ನ ಹಾಳೆ ಬಿಡಿಸಿದಳು. ಎದ್ದು ನಿಲ್ಲಲಿಲ್ಲ. ಕೂತಲ್ಲೇ ದೊಡ್ಡ ದನಿಯಲ್ಲಿ ಓದಿದಳು. ಶಿವರಾಮುವಿಗೆ ಅದು ಕನ್ನಡವಾಗಿಯೇ ಕೇಳಿಸಿತು.

"ನೂರು ವರ್ಷದ ಆಚೆಗೆ ನಮ್ಮ ಓಣಿಗೆ ಬಾ.
ದಾರಿ ಕೇಳಬೇಡ, ಯಾವ ಬಾಗಿಲಿಗೂ ಬೀಗವಿಲ್ಲ.
ನನ್ನ ಮರಿಮಗಳು ಬಿಸಿಲಿಗೆ ಕೂದಲು ಹರವಿ ಕೂತಿರುತ್ತಾಳೆ.
ಅವಳು ಯಾರ ಮನೆಗೆ ದುಡಿಯುತ್ತಾಳೆ ಎಂದು ಯಾರೂ ಕೇಳುವುದಿಲ್ಲ.
ಅವಳಿಗೂ ಅದು ನೆನಪಿಲ್ಲ.
ಅಷ್ಟು ಮರೆಯುವುದಕ್ಕೆ ನಾನು ಇಷ್ಟೆಲ್ಲ ನೆನಪಿಟ್ಟೆ."

ಹೊರಡುವಾಗ ಸತ್ಯನಾರಾಯಣ ಬಾಗಿಲಲ್ಲಿ ನಿಂತ. ಮೆತ್ತಗೆ ಮಾತಾಡಿದ. "ಸೋಮವಾರದ ವಿಷಯ ಶಿವರಾಮು... ಮಾರ್ಕೆಟ್ ಈಗ ಹೆಂಗಿದೆ ನಿಮಗೇ ಗೊತ್ತಲ್ಲ. ಪೊಸಿಷನ್ ಹೋಲ್ಡ್ ಮಾಡಿದಾರೆ. ಪರ್ಸನಲ್ ಆಗಿ ತಗೋಬೇಡಿ."

"ಹೋಗಯ್ಯ," ಅಂದ ಶಿವರಾಮು. ಹತ್ತು ವರ್ಷದಲ್ಲಿ ಅವನಿಗೆ ಕೊಟ್ಟ ಬಹುವಚನವೆಲ್ಲ ಆ ಒಂದು ಮಾತಿನಲ್ಲಿ ಇಳಿದುಹೋಯಿತು.

ಭವನ ಖಾಲಿಯಾಯಿತು. ವರ್ನೀಸ್ ಅವನ ಕಡೆ ತಿರುಗಿದಳು. ಹೊಗಳುತ್ತಾಳೆ ಅಂದುಕೊಂಡ.

"ಬೆಳಿಗ್ಗೆಯಿಂದ ನೀನು ಇಲ್ಲೇ ಇದ್ದೆ," ಅಂದಳು. "ಮೊದಲ ಹನಿ ಬಿದ್ದಾಗಲೇ ಯಾಕೆ ಹೇಳಲಿಲ್ಲ? ನಾನು ತಲೆ ಬಗ್ಗಿಸೋವರೆಗೂ ಯಾಕೆ ಕಾಯ್ದೆ?"

ಶಿವರಾಮು ಅಡುಗೆಮನೆಗೆ ಹೋದ. ಬಕೆಟ್ಟು, ಬಟ್ಟೆ ತಂದ. ಬಣ್ಣ ಕೀಳದ ಹಾಗೆ ಗೋಡೆ ಒರೆಸಿದ. ಅರಿಸಿನ ಪೂರ್ತಿ ಹೋಗಲಿಲ್ಲ.

"ಹೀಟರ್ ಆರಿಸಿ ಹೋಗು," ಅಂದಳು ಆಯಮ್ಮ. "ಖಾಲಿ ಭವನಕ್ಕೆ ಯಾಕೆ ಉರಿಸೋದು."

ಮೂವರೂ ಕಾರು ಹತ್ತಿದರು. ರೇಣು ಕಿಟಕಿಯ ಕಡೆ ಮುಖ ಮಾಡಿದ್ದಳು. ಮಾನ್ಯಾ ಹಿಂದಿನ ಸೀಟಿನಲ್ಲಿ, ಸ್ವಾಗತ ನೃತ್ಯದ ಬಟ್ಟೆಯಲ್ಲೇ ಕೂತಿದ್ದಳು. ಫ್ರೀವೇ ಹತ್ತಿದ ಮೇಲೆ ಕೇಳಿದಳು.

"ಡ್ಯಾಡ್, ವಾಟ್ ಆರ್ ವಿ?"

"ಮನೆಗೆ ಹೋಗಿ ಹೇಳ್ತೀನಿ."

"ನೋ. ನೌ." ಅವಳ ದನಿ ಒಡೆಯಿತು. "ಸತ್ಯ ಅಂಕಲ್ ಕೋಟಾ ಜೋಕ್ಸ್ ಹೇಳ್ತಾರಲ್ಲ. ಐ ಲಾಫ್ಡ್. ಎವ್ರಿ ಟೈಮ್. ಯೂ ವರ್ ಸಿಟ್ಟಿಂಗ್ ರೈಟ್ ದೇರ್, ಡ್ಯಾಡ್, ಅಂಡ್ ಯೂ ಲೆಟ್ ಮಿ ಲಾಫ್."

ಶಿವರಾಮು ಸ್ಟಿಯರಿಂಗ್ ಬಿಗಿಯಾಗಿ ಹಿಡಿದ. ಪಕ್ಕಕ್ಕೆ ನೋಡಿದ. ರೇಣು ಈಗ ಬೈಯುತ್ತಾಳೆ, ಬಾಯಿಗೆ ಬೀಗ ಅಂದಿದ್ದೆನಲ್ಲ ಅನ್ನುತ್ತಾಳೆ ಅಂತ ಕಾದ.

"ಕಾರು ನಿಲ್ಲಿಸ್ರೀ," ಅಂದಳು ರೇಣು. "ಡ್ರೈವ್ ಮಾಡ್ತಾ ಹೇಳೋ ಮಾತಲ್ಲ ಅದು."

ಮುಂದಿನ ಎಕ್ಸಿಟ್ಟಿನಲ್ಲಿ ಇಳಿಸಿದ. ಬಾಗಿಲು ಹಾಕಿದ ಅಂಗಡಿಯೊಂದರ ಮುಂದೆ ನಿಲ್ಲಿಸಿ ಇಂಜಿನ್ ಆರಿಸಿದ. ಸೀಟಿನಲ್ಲಿ ಹಿಂದಕ್ಕೆ ತಿರುಗಿ ಕೂತ. ರಟ್ಟೆ ನೋಯುತ್ತಿತ್ತು.

"ನಾವು ಹೊಲೇರು ಕಣವ್ವ," ಅಂದ.

ಮಾನ್ಯಾ ಆ ಪದವನ್ನು ಮೊದಲ ಸಲ ಬಾಯಿಗೆ ತಂದುಕೊಂಡಳು. ಅವಳ ಅಮೆರಿಕದ ನಾಲಿಗೆಯಲ್ಲಿ ಅದು ತೇಲಿ, ಮೆತ್ತಗೆ ಬಂತು.

"ಹಂಗಲ್ಲ," ಅಂದಳು ರೇಣು. ಕಣ್ಣು ಒರೆಸಿಕೊಂಡು ಅವಳೂ ಹಿಂದಕ್ಕೆ ತಿರುಗಿದಳು. "ಗಟ್ಟಿಯಾಗಿ ಹೇಳು. ಕದ್ದು ಹೇಳೋರ ಥರ ಹೇಳಬೇಡ."

ಮಾನ್ಯಾ ಮತ್ತೆ ಹೇಳಿದಳು.